ಎಂಬತ್ತರ ಮುಖಕ್ಕೆ ಒಂದೂವರೆ ಮೂಗು

"ಈ ಮನುಷ್ಯನಿಗೆ ಎಷ್ಟು ಮೂಗು?"

ಜಿಪಾರ್ ಈ ಪ್ರಶ್ನೆಯನ್ನು ನನಗೆ ಕೇಳಲಿಲ್ಲ. ಕೈಯಲ್ಲಿ ಚಹಾದ ಬಟ್ಟಲು ಹಿಡಿದು, ಕಿಟಕಿಯಾಚೆಯ ಪಾಪ್ಲರ್ ಮರಗಳ ಕಡೆ ಮುಖ ಮಾಡಿ, ಗಾಳಿಗೆ ಹೇಳುವ ಹಾಗೆ ಹೇಳಿದಳು. ಮರಗಳು ಉತ್ತರ ಕೊಡಲಿಲ್ಲ. ನಾನೇ ಎದ್ದು, ಕನ್ನಡಕ ಒರೆಸಿಕೊಂಡು, ಗೋಡೆಗೆ ಅಂಟಿಸಿದ್ದ ಟೆಸ್ಟ್ ಪ್ರಿಂಟಿನ ಮುಂದೆ ನಿಂತು ಎಣಿಸಿದೆ. ಮೂಗು ಒಂದೂವರೆ. ಕಣ್ಣು ಸುಮಾರು ಮೂರು. ಗಡ್ಡ ಮಾತ್ರ ಸರಿಯಾಗಿತ್ತು. ಗಡ್ಡ ಎರಡಿದ್ದರೂ ಒಂದರಂತೆಯೇ ಕಾಣುತ್ತದೆ.

ಮುಖ ಜೆಕ್ಶೆನ್ ಅತಾ ಅವರದು. ನಮ್ಮ ನಾರಿನ್ ಸೀಮೆಯಲ್ಲಿ ವೀರರ ಕಥೆಯನ್ನು ಪದ್ಯದಲ್ಲಿ ಹೇಳುವವರು ಹಿಂದೆ ಊರಿಗೊಬ್ಬರಿದ್ದರು, ಈಗ ಉಳಿದವರು ಅವರೊಬ್ಬರೇ. ಅವತ್ತಿಗೆ ಅವರಿಗೆ ಎಂಬತ್ತು ತುಂಬಿತ್ತು. ಮಧ್ಯಾಹ್ನ ಮೂರಕ್ಕೆ ಸೇತುವೆಯಾಚೆಯ ಕುದುರೆ ಮೈದಾನದಲ್ಲಿ ಔತಣ. ವೇದಿಕೆಯ ಹಿಂದೆ ಅವರು ಮೂರು ಮೀಟರ್ ಎತ್ತರದ ಫ್ಲೆಕ್ಸಾಗಿ ನಿಲ್ಲಬೇಕು, ಮುಂದೆ ತಾವೇ ಕೂತು ಪದ್ಯ ಹೇಳಬೇಕು. ಅದೇ ಕೊನೆಯ ಸಲವೆಂದು ಅವರೇ ಸಾರಿಬಿಟ್ಟಿದ್ದರು. "ಹಲ್ಲು ಮೂರೇ ಉಳಿದಿದೆ, ಪದ್ಯ ಸಂದಿಯಲ್ಲಿ ಸೋರಿಹೋಗ್ತಿದೆ. ಇದೊಂದು ಹೇಳಿ ಮುಗಿಸಿದ್ರೆ ಬಾಯಿ ಮುಚ್ಕೊಂಡು ಕುರಿ ನೋಡ್ಕೋತೀನಿ" ಎಂದಿದ್ದರಂತೆ. ಮೂರು ಗಂಟೆ ಅಂದರೆ ಮೂರು ಗಂಟೆ. ಅವರು ಯಾರಿಗೂ ಕಾಯುವವರಲ್ಲ.

ನಾನು ಹುಟ್ಟಿದ ಕಣಿವೆಯಲ್ಲಿ ಹಿಮ ಬಿದ್ದರೆ ದಾರಿ ಮುಚ್ಚುತ್ತಿತ್ತು. ನನಗೆ ಆರು ವರ್ಷವಿದ್ದಾಗ ಜೆಕ್ಶೆನ್ ಅತಾ ಹೀಗೆ ನಮ್ಮ ಮನೆಯಲ್ಲಿ ಮೂರು ದಿನ ಸಿಕ್ಕಿಕೊಂಡರು. ಮೂರು ದಿನವೂ ಹೇಳಿದರು. ಓದು ಬರಹಕ್ಕೆ ಮುಂಚೆ ನನಗೆ ಆ ಸಾಲುಗಳ ಏರಿಳಿತ ಬಂತು. ಆಮೇಲೆ ಎಲ್ಲಿ ಅವರು ಕೂತರೂ ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಜಿಪಾರಳ ಅಂಗಡಿಯಲ್ಲಿ ಫ್ಲೆಕ್ಸ್ ಮುದ್ರಿಸುವ ಈ ಮಷೀನು ನೋಡಿಕೊಳ್ಳಲು ಬಂದ ಮೇಲೆ ಅದು ತಪ್ಪಿತು. ಹಿಂದಿನ ವರ್ಷ ಯಾರದೋ ಮದುವೆಯ ಫ್ಲೆಕ್ಸಿಗೆ ನಿಂತು ತಪ್ಪಿಸಿಕೊಂಡೆ. ಕಳೆದ ಶರತ್ಕಾಲದಲ್ಲಿ ಔಷಧಿ ಅಂಗಡಿಯ ಬೋರ್ಡಿಗೆ ನಿಂತು ತಪ್ಪಿಸಿಕೊಂಡೆ. ಇನ್ನು ಉಳಿದದ್ದು ಇವತ್ತಿನದೊಂದು.

"ಸುಯುನ್ ಬಾಯ್ಕೆ," ಎಂದಳು ಜಿಪಾರ್, ಈ ಸಲ ನನಗೇ. ನಮ್ಮಲ್ಲಿ ಹಿರಿಯ ಗಂಡಸರನ್ನು ಕರೆಯುವುದು ಹಾಗೆ, ಅಜ್ಜನ ವಯಸ್ಸಿನವರಾದರೆ ಅತಾ, ಹಿರಿಯ ಹೆಂಗಸರಾದರೆ ಅಪಾ. "ನಿನ್ನೆ ಸಂಜೆ ಸರಿ ಇತ್ತಲ್ಲ?"

"ಸರಿ ಇತ್ತು. ನಾನೇ ಗೆರೆ ಹೊಂದಿಸಿ ಹೋಗಿದ್ದೆ."

"ಮತ್ತೆ ರಾತ್ರಿ ಕಳೆಯೋದ್ರೊಳಗೆ ದೊಡ್ಡವರಿಗೆ ಏನಾಯ್ತು?"

ಜೆಕ್ಶೆನ್ ಅತಾ ಅವಳ ಅತ್ತೆಯ ಅಣ್ಣ. ಗಂಡನ ಕಡೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ತರಬಾರದು. ಊರೆಲ್ಲ ಹೇಳುವ ಆ ಹೆಸರನ್ನು ಜಿಪಾರ್ ಒಮ್ಮೆಯೂ ಹೇಳಿದವಳಲ್ಲ. ಕಂಪ್ಯೂಟರಿನಲ್ಲಿ ಫೋಟೋಗೆ ಕೊಟ್ಟ ಹೆಸರು ಕೂಡ 'ದೊಡ್ಡವರು'. ಆ ಫೋಟೋ ಕೈಗೆ ಬಂದದ್ದೇ ಹಿಂದಿನ ಸಂಜೆ. ನಾಲ್ಕು ದಿನ ಮನೆಯವರು ಯಾವುದೆಂದು ಜಗಳವಾಡಿದ್ದರು. ಬಾಯಿ ಮುಚ್ಚಿದ ಒಂದು ಫೋಟೋ ಹುಡುಕಿ ಎಂದು ಕೆಲವರು, ಅವರು ಬಾಯಿ ಮುಚ್ಚಿದ್ದು ಯಾವಾಗ ಎಂದು ಉಳಿದವರು. ಕೊನೆಗೆ ಗೆದ್ದದ್ದು ಬಿಳಿ ಕಲ್ಪಾಕ್ ಟೋಪಿ ಹಾಕಿ, ಮೂರು ಹಲ್ಲು ತೋರಿಸಿ ನಗುವ ಫೋಟೋ.

"ಮಧ್ಯಾಹ್ನದೊಳಗೆ ಆಗುತ್ತಾ?"

"ದೇವರಿಟ್ಟ ಹಾಗೆ."

"ದೇವರಿಗೆ ಬೇರೆ ಕೆಲಸ ಇದೆ ಬಾಯ್ಕೆ. ನೀವು ಹೇಳಿ."

"ಆಗುತ್ತೆ" ಎಂದೆ.

ಮಷೀನಿನ ಕೆಲಸ ಹೇಳುವುದಕ್ಕೆ ಸುಲಭ. ಶಾಯಿ ಉಗುಳುವ ಹೆಡ್ಡು ಒಂದು ಕಂಬಿಯ ಮೇಲೆ ಎಡದಿಂದ ಬಲಕ್ಕೆ ಓಡುತ್ತ ಚುಕ್ಕೆ ಹಾಕುತ್ತದೆ, ಬಲದಿಂದ ಎಡಕ್ಕೆ ಬರುವಾಗಲೂ ಹಾಕುತ್ತದೆ. ಹೋಗುವಾಗ ಹಾಕಿದ ಚುಕ್ಕೆಯ ಪಕ್ಕಕ್ಕೆ ಬರುವಾಗ ಹಾಕಿದ ಚುಕ್ಕೆ ಸರಿಯಾಗಿ ಕೂತರೆ ಒಂದು ಮೂಗು. ಕೂದಲಿನಷ್ಟು ತಪ್ಪಿದರೆ ಒಂದೂವರೆ.

ಮೊದಲು ತೂತುಗಳನ್ನು ನೋಡಿದೆ. ಹೆಡ್ಡಿನ ತಳದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿವೆ. ಪ್ರತಿ ತೂತೂ ಒಂದು ಚಿಕ್ಕ ಗೆರೆ ಎಳೆಯುವಂತೆ ಮಾಡಿದರೆ ಹಾಳೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗೆರೆಗಳು ಇಳಿಯುತ್ತವೆ, ಕಟ್ಟಿಕೊಂಡ ತೂತಿನ ಜಾಗ ಖಾಲಿ ಇರುತ್ತದೆ. ಗುಲಾಬಿ ಬಣ್ಣದಲ್ಲಿ ನಾಲ್ಕು ಮೆಟ್ಟಿಲು ಕಾಣೆಯಾಗಿದ್ದವು. ಮಳೆ ಬರುವ ಮೇ ತಿಂಗಳಲ್ಲೂ ನಮ್ಮಲ್ಲಿ ಗಾಳಿ ಒಣಒಣ. ಶಾಯಿ ಬಾಯಲ್ಲೇ ಹೆಪ್ಪುಗಟ್ಟುತ್ತದೆ. ಅದಕ್ಕೇ ಮಷೀನಿನ ಪಕ್ಕ ಸದಾ ಒಂದು ಬಕೆಟ್ ನೀರು, ಅದರ ಮೇಲೆ ಒದ್ದೆ ಟವಲು. ತೊಳೆಯುವ ದ್ರಾವಣದಲ್ಲಿ ಕಡ್ಡಿ ಅದ್ದಿ ರಬ್ಬರಿನ ಒರಸನ್ನೂ ಮುಚ್ಚಳದ ಅಂಚನ್ನೂ ಒರೆಸಿದೆ, ಪಂಪು ಹಾಕಿದೆ, ಹತ್ತು ನಿಮಿಷ ಬಿಟ್ಟೆ. ಮೆಟ್ಟಿಲೆಲ್ಲ ಬಂದವು.

ಆಮೇಲೆ ಗೆರೆ ಹೊಂದಿಸಲು ಕೂತೆ. ಹೋಗುವ ಗೆರೆ, ಬರುವ ಗೆರೆ, ಎರಡೂ ಒಂದರ ಮೇಲೊಂದು ಬೀಳುವ ಅಂಕಿಯನ್ನು ಆರಿಸಬೇಕು. ಮೊದಲ ಸಲ ಅಂಕಿ ಮೂರು ಎಂದಿತು. ಮೂರು ಹಾಕಿ ಮತ್ತೆ ತೆಗೆದರೆ ಒಂದು ಎಂದಿತು. ಒಂದು ಹಾಕಿದರೆ ನಾಲ್ಕು. ಎಡ ಅಂಚಿನಲ್ಲಿ ಒಂದು ಮಾತು, ಬಲ ಅಂಚಿನಲ್ಲಿ ಇನ್ನೊಂದು ಮಾತು. ಹೆಡ್ಡು ತಾನೆಲ್ಲಿದ್ದೇನೆಂದು ತಿಳಿಯುವುದು ಕಂಬಿಯ ಹಿಂದಿನ ಒಂದು ಪಾರದರ್ಶಕ ಪಟ್ಟಿಯಿಂದ. ಅದಕ್ಕೆ ಜಿಡ್ಡು ಹಿಡಿದಿರಬಹುದೆಂದು ಅದನ್ನೂ ಈ ತುದಿಯಿಂದ ಆ ತುದಿಗೆ ಒರೆಸಿದೆ. ಪಟ್ಟಿ ಕನ್ನಡಿಯ ಹಾಗಾಯಿತು, ಮೂಗು ಹಾಗೇ ಉಳಿಯಿತು.

ಹನ್ನೊಂದಕ್ಕೆ ಜಿಪಾರಳ ಅತ್ತೆ ಟೊಕ್ತೊಬೂಬು ಅಪಾ ಬಂದರು. ಎಪ್ಪತ್ತೆರಡು ವರ್ಷ, ಮೊಣಕಾಲು ನೋವು, ಆದರೂ ದಿನಾ ಬೆಟ್ಟ ಇಳಿದು ಅಂಗಡಿಗೆ ಬರುತ್ತಾರೆ. ಬಟ್ಟೆಯ ಗಂಟಿನಲ್ಲಿ ಬಿಸಿ ಬೋರ್ಸೋಕ್ ತಂದಿದ್ದರು. ಎಣ್ಣೆಯಲ್ಲಿ ಕರಿದ ಆ ಹಿಟ್ಟಿನ ತುಂಡುಗಳನ್ನು ಮೇಜಿನ ಮೇಲೆ ಸುರಿದು, ಮಷೀನಿನ ಎದುರಿನ ಕುರ್ಚಿಯಲ್ಲಿ ಕೂತರು.

"ಇವನು ಹೇಗಿದ್ದಾನೆ ಇವತ್ತು? ಕೆಮ್ಮು ಕಮ್ಮಿ ಆಯ್ತಾ?"

ಪಂಪಿನ ಶಬ್ದವನ್ನು ಅವರು ಕೆಮ್ಮು ಎನ್ನುತ್ತಾರೆ. ಮಷೀನು ಅವರ ಲೆಕ್ಕದಲ್ಲಿ ಮನೆಯ ಗಂಡುಮಗ.

"ಕೆಮ್ಮು ಇಲ್ಲ ಅಪಾ. ಇವತ್ತು ಕಣ್ಣು ಮಂಜು."

"ಹೌದಾ" ಎಂದು ಗೋಡೆಯ ಮೇಲಿನ ಅಣ್ಣನನ್ನು ನೋಡಿದರು. ಬಹಳ ಹೊತ್ತು ನೋಡಿದರು. "ನಮ್ಮಣ್ಣ ಸಣ್ಣವನಿದ್ದಾಗ ಕುದುರೆಯಿಂದ ಬಿದ್ದು ಮೂಗು ಮುರ್ಕೊಂಡಿದ್ದ. ಆಗ ಹೀಗೇ ಇದ್ದ."

ಜಿಪಾರ್ ಬಟ್ಟಲಿನೊಳಗೆ ನಕ್ಕಳು. ಅತ್ತೆಯ ಎದುರು ಹಲ್ಲು ಕಾಣುವಂತೆ ನಗುವುದಿಲ್ಲ ಅವಳು.

ನಾನು ಒಂದು ಬೋರ್ಸೋಕ್ ಬಾಯಿಗೆ ಹಾಕಿಕೊಂಡು, ಕೈ ತೊಳೆದು, ಮತ್ತೆ ಓಡಿಸಿದೆ. ಈ ಸಲ ಹಾಳೆಯನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕೇಳಿದೆ. ಸರಿಯಿದ್ದ ದಿನ ಈ ಮಷೀನಿನ ಓಟ ಪದ್ಯದ ಸಾಲಿನಂತೆ ಇರುತ್ತದೆ: ಹೊರಡುತ್ತದೆ, ಒಂದೇ ಉಸಿರಿನಲ್ಲಿ ಹೋಗುತ್ತದೆ, ತುದಿಯಲ್ಲಿ ಸ್ವಲ್ಪ ತಡೆದು ತಿರುಗುತ್ತದೆ. ಆ ತಡೆ ಪ್ರತಿ ಸಾಲಿಗೂ ಅಷ್ಟೇ ಇರಬೇಕು. ಅವತ್ತು ತುದಿಯಲ್ಲಿ ತಡೆಯ ಜೊತೆಗೆ ಇನ್ನೇನೋ ಇತ್ತು. ತಿರುಗಿದ ಮೇಲೂ ಒಂದು ಸಣ್ಣ ತೂಗಾಟ, ಕುಡಿದವನು ಬಾಗಿಲಲ್ಲಿ ನಿಂತು ಸಾವರಿಸಿಕೊಂಡ ಹಾಗೆ. ಹೆಡ್ಡು ಸರಿ ಓಡುತ್ತಿದೆ, ಮೈಯೇ ತೂಗುತ್ತಿದೆ ಅನಿಸಿತು. ಆದರೆ ಯಾಕೆ? ಕೈಯಿಂದ ಮುಟ್ಟಿ ನೋಡಿದರೆ ಕಾಲಿನ ಮೇಲ್ಗಡೆಯ ಬೋಲ್ಟು ಬಿಗಿಯಾಗಿತ್ತು. ನೆಲ ಸಿಮೆಂಟು. ಒಂಬತ್ತು ವರ್ಷದಿಂದ ಅದೇ ಜಾಗ.

"ಬಾಯ್ಕೆ, ಹನ್ನೆರಡೂವರೆ" ಎಂದಳು ಜಿಪಾರ್.

"ಗೊತ್ತು."

"ಕಪ್ಪು ಬಿಳುಪಲ್ಲಿ ತೆಗೆದ್ರೆ?"

"ಕಪ್ಪು ಬಿಳುಪಲ್ಲೂ ಮೂಗು ಅಷ್ಟೇ ಇರುತ್ತೆ."

"ಹೋಗುವಾಗ ಮಾತ್ರ ಚುಕ್ಕೆ ಹಾಕೋ ಹಾಗೆ ಮಾಡಿದ್ರೆ?"

"ಎರಡು ಪಟ್ಟು ಹೊತ್ತು ಹಿಡಿಯುತ್ತೆ. ಮೈ ತೂಗ್ತಾ ಇದ್ರೆ ಅದೂ ಮಸುಕೇ."

ಒಂದಾಯಿತು. ಪಕ್ಕದ ಬೀದಿಯ ಮಸೀದಿಯಿಂದ ಮಧ್ಯಾಹ್ನದ ಕರೆ ಬಂತು. ಕೆಲಸ ಎಷ್ಟೇ ಇರಲಿ, ಕರೆ ಬಂದಾಗ ನಾನು ಎದ್ದುಬಿಡುತ್ತೇನೆ. ಕೂತಿದ್ದರೆ ಕೆಲಸ ಬೇಗ ಮುಗಿದದ್ದನ್ನು ನಾನಂತೂ ಕಂಡಿಲ್ಲ. ಮಷೀನಿನ ಪಕ್ಕದ ಮೂಲೆಯಲ್ಲಿ ನನ್ನ ಚಾಪೆ ಹಾಸಿ ನಿಂತೆ. ಎರಡನೆಯ ಸಲ ಹಣೆ ನೆಲಕ್ಕೆ ಮುಟ್ಟಿಸಿದಾಗ, ಕಣ್ಣು ತಾನಾಗಿ ಬಲಕ್ಕೆ ಹೊರಳಿತು. ರಸ್ತೆಯ ಧೂಳು ಬಾರದಿರಲೆಂದು ಮಷೀನಿನ ಕಾಲುಗಳ ಸುತ್ತ ನೆಲದವರೆಗೆ ನಾವು ಪ್ಲಾಸ್ಟಿಕ್ ಪರದೆ ಇಳಿಬಿಟ್ಟಿದ್ದೇವೆ. ಪರದೆಯ ಅಡಿಯಿಂದ ಎರಡು ಬೆರಳಿನಷ್ಟು ಕೆಂಪು ಇಣುಕುತ್ತಿತ್ತು. ಕೆಂಪಿನ ಮೇಲೆ ಕಪ್ಪು ಟಗರಿನ ಕೊಂಬು.

ದೇವರು ಕ್ಷಮಿಸಲಿ, ಉಳಿದ ನಮಾಜನ್ನು ನಾನು ಆ ಕೊಂಬಿನ ಜೊತೆಗೇ ಮುಗಿಸಿದೆ. ಅವಸರ ಮಾಡಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಚಾಪೆ ಮಡಿಸಿಟ್ಟು, ಪರದೆ ಎತ್ತಿ ನೋಡಿದೆ. ಮಷೀನಿನ ನಾಲ್ಕೂ ಕಾಲುಗಳ ಕೆಳಗೆ, ಈ ತುದಿಯಿಂದ ಆ ತುದಿಗೆ, ಬೆರಳು ದಪ್ಪದ ಹೊಸ ಶಿರ್ದಾಕ್. ನಮ್ಮ ಹೆಂಗಸರು ಉಣ್ಣೆ ಬಡಿದು, ಬಣ್ಣದ ತುಂಡು ಕತ್ತರಿಸಿ, ಹೊಲಿದು ಮಾಡುವ ಕಂಬಳಿ. ಅತಿಥಿ ಬಂದರೆ ಹಾಸುವುದು ಅದನ್ನೇ.

ಜಿಪಾರ್ ನನ್ನ ಹಿಂದೆ ಬಂದು ಬಗ್ಗಿದಳು, ನೋಡಿದಳು, ನೆಟ್ಟಗಾದಳು. ಅವಳ ಮುಖದಲ್ಲಿ ಹತ್ತು ಮಾತು ಬಂದು ಹತ್ತೂ ಹಿಂದಕ್ಕೆ ಹೋದವು. ಅತ್ತೆ ಹಾಸಿದ್ದನ್ನು ಸೊಸೆ ತೆಗೆಯುವ ಹಾಗಿಲ್ಲ. "ಕೆಟಲಿನಲ್ಲಿ ನೀರು ಮುಗಿದಿದೆ" ಎಂದು ಹೇಳಿ, ತುಂಬಿದ್ದ ಕೆಟಲನ್ನು ಎತ್ತಿಕೊಂಡು ಬಾಗಿಲ ತನಕ ಹೋಗಿ ಅಲ್ಲೇ ನಿಂತಳು.

ಉಳಿದವನು ನಾನು.

"ಅಪಾ, ಮಷೀನಿನ ಕೆಳಗೆ ಕಂಬಳಿ ಇದೆ."

"ಇದೆ. ನಾನೇ ಹಾಸಿದ್ದು. ನಿನ್ನೆ ನೀವೆಲ್ಲ ಹೋದ ಮೇಲೆ, ಪಕ್ಕದ ಹೊಲಿಗೆ ಅಂಗಡಿ ಹುಡುಗಿಯರನ್ನ ಕರೆದು ಒಂದೊಂದೇ ಕಾಲು ಎತ್ತಿಸಿ ಹಾಸಿದೆ. ಎರಡು ಚಳಿಗಾಲ ಕೂತು ಹೊಲಿದದ್ದು. ಅಂಚು ನೋಡಿದ್ಯಾ?"

"ಅಂಚು ತುಂಬಾ ಚೆನ್ನಾಗಿದೆ."

"ಕೆಮ್ತಿದ್ದ. ಬರೀ ಸಿಮೆಂಟಿನ ಮೇಲೆ ಒಂಬತ್ತು ವರ್ಷ ನಿಂತಿದ್ದಾನೆ. ಮನೆಗೆ ರೊಟ್ಟಿ ತರೋನನ್ನ ಹೀಗಾ ನಿಲ್ಲಿಸೋದು? ಯಾರಿಗಾದ್ರೂ ಹೊಳೀತಾ? ನನಗೆ ಹೊಳೀತು."

"ಕಂಬಳಿ ಮೆತ್ತಗಿದೆ ಅಪಾ. ಮಷೀನು ತೂಗ್ತಿದೆ."

"ಮೆತ್ತಗಿರ್ಲಿ ಅಂತಾನೇ ಹಾಸಿದ್ದು. ಗಟ್ಟಿ ಬೇಕಿದ್ರೆ ಕಲ್ಲು ಹಾಸ್ತಿದ್ದೆ. ನನ್ನ ಅತ್ತೆ ಕೊಟ್ಟ ಶಿರ್ದಾಕಿನ ಮೇಲೆ ಐವತ್ತು ವರ್ಷ ಮಲಗಿದೀನಿ. ನಾನೇನು ತೂಗಿದ್ನಾ?"

ಬಾಗಿಲ ಹತ್ತಿರ ಕೆಟಲಿನ ಮುಚ್ಚಳ ಸದ್ದು ಮಾಡಿತು. ನಾನು ಆ ಕಡೆ ನೋಡಲಿಲ್ಲ. ಗಡಿಯಾರ ಒಂದೂ ಹದಿನೈದು ತೋರಿಸುತ್ತಿತ್ತು. ವಾದ ಮಾಡಿ ಅಪಾ ಅವರನ್ನು ಗೆದ್ದವರು ಇಲ್ಲ. ಅವರ ಗಂಡ ಸೋತು ಸೋತೇ ತೀರಿಕೊಂಡರು. ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ.

"ಅಪಾ, ಕುದುರೆಗೆ ಲಾಳ ಹೊಡೆಯೋವಾಗ ಎಲ್ಲಿ ನಿಲ್ಲಿಸ್ತಾರೆ?"

"ಗಟ್ಟಿ ನೆಲದ ಮೇಲೆ. ಇನ್ನೆಲ್ಲಿ?"

"ಹುಲ್ಲಿನ ಮೇಲೆ ಯಾಕೆ ನಿಲ್ಲಿಸಲ್ಲ? ಪಾಪ, ಕಾಲಿಗೆ ಮೆತ್ತಗಿರುತ್ತೆ."

"ನೀನು ಕುರಿ ಕಾಯೋರ ಮನೇಲಿ ಹುಟ್ಟಿದೋನಾ? ಮೆತ್ತನೆ ನೆಲದಲ್ಲಿ ಮೈ ಒಂದು ಕಡೆಗೆ ವಾಲುತ್ತೆ, ಸುತ್ತಿಗೆ ಬಿದ್ದಾಗ ಕಾಲು ಜರುಗುತ್ತೆ, ಮೊಳೆ ಓರೆ ಹೋಗುತ್ತೆ..."

ಅವರು ಗೋಡೆಯ ಮೇಲಿನ ಅಣ್ಣನನ್ನು ನೋಡಿದರು, ಮಷೀನನ್ನು ನೋಡಿದರು, ನನ್ನನ್ನು ನೋಡಿದರು.

"ಇವನು ಎಷ್ಟು ಮೊಳೆ ಹೊಡೀತಾನೆ?"

"ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಸಾವಿರಾರು."

"ಅಯ್ಯೋ, ಮೊದಲೇ ಹೇಳಬಾರದಾ?" ಎಂದರು, ನಾನೇ ಕಂಬಳಿ ಹಾಸಿದವನ ಹಾಗೆ. "ತೆಗೀರಿ, ತೆಗೀರಿ. ಬೆನ್ನ ಮೇಲೆ ಹೊದಿಸಿ."

"ಓಡೋ ಕುದುರೆಗೆ ಹೊದಿಸಲ್ವಲ್ಲ ಅಪಾ."

"ಓಟ ಮುಗಿದ ಮೇಲೆ ಹೊದಿಸ್ತಾರೆ."

"ಓಟ ಮುಗೀಲಿ, ನೋಡೋಣ" ಎಂದೆ. ಉಣ್ಣೆಯ ಎಳೆ ಹೆಡ್ಡಿಗೆ ಸಿಕ್ಕಿದರೆ ಏನಾಗುತ್ತದೆಂದು ಆಗ ಬಾಯಿ ಬಿಡಲಿಲ್ಲ. ಒಂದು ದಿನಕ್ಕೆ ಒಂದು ಕಂಬಳಿ ಸಾಕು.

ಹೊಲಿಗೆ ಅಂಗಡಿಯ ನಾಲ್ವರು ಮತ್ತೆ ಬಂದರು. ಕತ್ತಿಗೆ ಅಳತೆಯ ಟೇಪು ಸುತ್ತಿಕೊಂಡೇ ಬಂದಿದ್ದರು. ಇಬ್ಬರು ಒಂದು ತುದಿ ಎತ್ತಿದರೆ ಇಬ್ಬರು ಕಂಬಳಿ ಎಳೆದರು. ನಾನು ಕೈ ಹಾಕಲು ಹೋದರೆ ಅವರಲ್ಲಿ ದಪ್ಪಗಿದ್ದವಳು, "ಬಾಯ್ಕೆ, ನೀವು ದೂರ ನಿಂತು ಪ್ರಾರ್ಥನೆ ಮಾಡಿ, ಅದು ನಿಮಗೆ ಬರುತ್ತೆ" ಎಂದಳು. ಎರಡು ನಿಮಿಷದಲ್ಲಿ ಕಂಬಳಿ ಹೊರಗಿತ್ತು. ಅಪಾ ಅದನ್ನು ನಾಲ್ಕಾಗಿ ಮಡಿಸಿ ತಮ್ಮ ಕುರ್ಚಿಗೆ ಹಾಕಿಕೊಂಡು ಅದರ ಮೇಲೆ ಕೂತರು.

ಮಟ್ಟಗೋಲು ಇಟ್ಟು ಕಾಲುಗಳ ತಿರುಪು ತಿರುಗಿಸಿದೆ. ಗುಳ್ಳೆ ನಡುವಿಗೆ ಬಂದು ನಿಂತಿತು. ಗೆರೆ ಹೊಂದಿಸಿದೆ. ಅಂಕಿ ಎರಡು ಎಂದಿತು. ಎರಡು ಹಾಕಿ ಮತ್ತೆ ತೆಗೆದೆ. ಎರಡೇ ಎಂದಿತು. ಎಡದಲ್ಲೂ ಎರಡು, ಬಲದಲ್ಲೂ ಎರಡು. ಫ್ಲೆಕ್ಸಿನ ಬಟ್ಟೆ ಮುಂದಕ್ಕೆ ಸರಿಯುವ ಅಳತೆಯನ್ನೂ ನೋಡಿದೆ. ಪಟ್ಟೆಗಳ ನಡುವೆ ಬಿಳಿ ಸಂದಿಯೂ ಇಲ್ಲ, ಕಪ್ಪು ಗೀಟೂ ಇಲ್ಲ. ಮುಖದ ಒಂದು ತುಂಡನ್ನು ಟೆಸ್ಟ್ ತೆಗೆದೆ. ಮೂಗು ಒಂದು. ಮುರಿದು ಕೂಡಿದ ಗುರುತು ಕೂಡ ಕಾಣುತ್ತಿತ್ತು.

ಆಗ ಒಂದೂ ನಲವತ್ತು. ಜಿಪಾರ್ ತುಂಡನ್ನು ಬೆಳಕಿಗೆ ಹಿಡಿದಳು.

"ಬಾಯ್ಕೆ, ಟೋಪಿ..."

ನಾನೂ ಅದನ್ನೇ ನೋಡುತ್ತಿದ್ದೆ. ಕಲ್ಪಾಕ್ ಗುಲಾಬಿಯಾಗಿತ್ತು. ತೀರಾ ಅಲ್ಲ, ಕೆನೆಯಲ್ಲಿ ಒಂದು ಹನಿ ಬೀಟ್‌ರೂಟ್ ಬಿದ್ದಷ್ಟು. ನಮ್ಮ ಮಷೀನಿನಲ್ಲಿ ಬಿಳಿ ಶಾಯಿ ಇಲ್ಲ. ಬಿಳಿ ಅಂದರೆ ಬಟ್ಟೆಯನ್ನು ಮುಟ್ಟದೆ ಬಿಡುವುದು. ಆದರೆ ಟೋಪಿಯ ಮಡಿಕೆಗಳಲ್ಲಿ ನೆರಳಿರುತ್ತದೆ, ನೆರಳು ಬೂದು, ಬೂದನ್ನು ಮೂರು ಬಣ್ಣ ಬೆರೆಸಿ ಮಾಡಬೇಕು. ಮೂರರಲ್ಲಿ ಒಂದು ತುಸು ಮುಂದಾದರೂ ಬೂದು ಆ ಬಣ್ಣಕ್ಕೆ ತಿರುಗುತ್ತದೆ. ಹಿಂದಿನ ದಿನ ಹೊಸ ಬಟ್ಟೆಯ ರೋಲು ಹಾಕಿದ್ದೆ. ಹಳೆಯದಕ್ಕಿಂತ ಇದು ಶಾಯಿ ಹೆಚ್ಚು ಕುಡಿಯುತ್ತಿತ್ತು. ಇದಕ್ಕೆ ಬಣ್ಣದ ಅಳತೆಯನ್ನು ಹೊಸದಾಗಿ ಮಾಡಬೇಕಿತ್ತು.

"ಅಳತೆಗೆ ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ. ಪ್ರಿಂಟಿಗೆ ಅರ್ಧ ಗಂಟೆ."

ಅವಳು ಬೆರಳಲ್ಲಿ ಎಣಿಸಿದಳು. "ಎರಡೂವರೆ. ಹಗ್ಗ ಕಟ್ಟೋಕೆ ಅಂಚಿಗೆ ಉಂಗುರ ಹೊಡೆದು ನಾವು ವ್ಯಾನಿನಲ್ಲಿ ಹೊರಟ್ರೆ ಫ್ಲೆಕ್ಸು ಮುಟ್ಟುತ್ತೆ. ಆದ್ರೆ ಮಷೀನು ಮುಚ್ಚೋ ಕೆಲಸ ಇರುತ್ತಲ್ಲ, ನೀವು ಹಿಂದೆ ಉಳೀತೀರ." ತುಂಡನ್ನು ಮೇಜಿನ ಮೇಲಿಟ್ಟು, "ಹೀಗೇ ತೆಗೆದುಬಿಡಿ ಬಾಯ್ಕೆ. ದೂರದಿಂದ ಯಾರಿಗೆ ಕಾಣುತ್ತೆ?" ಎಂದಳು. ನನಗಾಗಿ ಹೇಳಿದ್ದು ಅದು. ನಾನು ಬೆಳಿಗ್ಗೆಯಿಂದ ಎಷ್ಟು ಸಲ ಗಡಿಯಾರ ನೋಡಿದ್ದೆನೆಂದು ಅವಳು ಎಣಿಸಿದ್ದಳು.

"ಮೈದಾನಕ್ಕೆಲ್ಲ ಕಾಣುತ್ತೆ" ಎಂದರು ಅಪಾ ಕಂಬಳಿಯ ಮೇಲಿಂದ. "ಎಂಬತ್ತು ವರ್ಷದ ಗಂಡಸಿಗೆ ಗುಲಾಬಿ ಟೋಪಿ. ಅವನು ಪದ್ಯ ನಿಲ್ಲಿಸಿ ತಿರುಗಿ ನೋಡ್ತಾನೆ."

ಅದು ನಿಜ. ಅವರ ಕಲ್ಪಾಕ್ ನನಗೆ ಗೊತ್ತು. ಹಿಮ ಬಿದ್ದ ಆ ಮೂರು ದಿನ ಅದು ನಮ್ಮ ಮನೆಯ ಗೂಟದಲ್ಲಿ ತೂಗುತ್ತಿತ್ತು. ಅದರ ಬಿಳುಪನ್ನು ತಪ್ಪು ಹೇಳಿ, ಹೋಗಿ ಅವರ ಎದುರು ಕೂತು ಕೇಳಲು ನನ್ನಿಂದಾಗದು.

ಅಳತೆಯ ಹಾಳೆ ತೆಗೆದೆ. ಸಾಲು ಸಾಲು ಬಣ್ಣದ ಚೌಕಗಳು, ತಿಳಿಯಿಂದ ಗಾಢಕ್ಕೆ. ಮಷೀನಿನ ಬಿಸಿ ತಟ್ಟೆಯ ಮೇಲೆ ಅವು ಒಣಗುವ ತನಕ ಕಾದೆ. ಹಸಿ ಶಾಯಿ ಸುಳ್ಳು ಹೇಳುತ್ತದೆ. ಆಮೇಲೆ ಬಣ್ಣ ಓದುವ ಅಂಗೈಯಗಲದ ಮೀಟರನ್ನು ಒಂದೊಂದು ಸಾಲಿನ ಮೇಲೂ ಒಂದೇ ವೇಗದಲ್ಲಿ ಎಳೆದೆ. ಅವಸರದಲ್ಲಿ ಎಳೆದರೆ ಅದು ಕೀ ಎಂದು ಬೈದು ಮತ್ತೆ ಮೊದಲಿನಿಂದ ಎನ್ನುತ್ತದೆ. ಏಳನೆಯ ಸಾಲಿನಲ್ಲಿ ಒಮ್ಮೆ ಬೈಸಿಕೊಂಡೆ.

"ಮೂರು ಹಲ್ಲಿನವರು ನಿಮಗಿಂತ ಬೇಗ ಹೇಳ್ತಾರೆ" ಎಂದಳು ಜಿಪಾರ್.

"ಅವರಿಗೆ ಎಂಬತ್ತು ವರ್ಷದ ಅಭ್ಯಾಸ."

ಎರಡು ಗಂಟೆ ಮೂರು ನಿಮಿಷಕ್ಕೆ ಹೊಸ ಅಳತೆ ಸಿಕ್ಕಿತು. ಟೋಪಿಯ ಒಂದು ಮೂಲೆ ತೆಗೆದು ನೋಡಿದೆವು. ನೆರಳು ನೆರಳಿನ ಬಣ್ಣಕ್ಕೇ ಇತ್ತು. ಜಿಪಾರ್ ಹೊಸ ಚಹಾ ಸುರಿದಳು. ನಾನು ಪೂರ್ತಿ ಚಿತ್ರ ಕಳಿಸಿದೆ. ಮಷೀನು ಹೊರಟಿತು. ಒಂದೇ ಉಸಿರು, ತುದಿಯಲ್ಲಿ ಅಷ್ಟೇ ತಡೆ, ತಿರುವು, ಮತ್ತೆ ಉಸಿರು. ಮೊದಲು ಆಕಾಶ ಬಂತು, ಆಮೇಲೆ ಕಲ್ಪಾಕಿನ ತುದಿ, ಅದರ ಕಪ್ಪು ಮಖಮಲ್ಲಿನ ಬಳ್ಳಿ, ಆಮೇಲೆ ಹಣೆ. ಮೂಗಿನ ಹತ್ತಿರ ಬಂದಾಗ ಅಪಾ ಎದ್ದು ಬಂದು ಮಷೀನಿನ ಮುಂದಿನ ಗಾಜಿಗೆ ಮುಖ ತಾಗಿಸಿ ನಿಂತರು. ಮೂಗು ದಾಟುವವರೆಗೂ ಕದಲಲಿಲ್ಲ.

"ಒಂದೇ" ಎಂದರು.

ಹಲ್ಲುಗಳು ಬಂದವು, ಒಂದು, ಎರಡು, ಮೂರು. ಗಡ್ಡ ಬಂತು. ಎರಡೂ ಮೂವತ್ತನಾಲ್ಕಕ್ಕೆ ಜೆಕ್ಶೆನ್ ಅತಾ ಪೂರ್ತಿ ಹೊರಬಂದು ನೆಲ ಮುಟ್ಟಿದರು. ಅಪಾ ಎರಡೂ ಅಂಗೈ ಬಿಡಿಸಿ, ತುಟಿಯಲ್ಲೇ ಏನೋ ಹೇಳಿ, ಮುಖ ಸವರಿಕೊಂಡರು. ಅದು ಅಣ್ಣನಿಗೋ ಮಷೀನಿಗೋ ನಾನು ಕೇಳಲಿಲ್ಲ. ನಾನೂ ಸವರಿಕೊಂಡೆ.

ಅಂಚು ಕತ್ತರಿಸಿ ಉಂಗುರ ಹೊಡೆದೆವು. ಜಿಪಾರಳ ಗಂಡ ವ್ಯಾನು ತಂದಿದ್ದ. ಸುರುಳಿಯನ್ನು ಹಿಂದೆ ಮಲಗಿಸಿ, ಅಪಾ ಅವರನ್ನು ಮುಂದೆ ಕೂರಿಸಿದ. ಜಿಪಾರ್ ಕಿಟಕಿಯಿಂದ ತಲೆ ಹಾಕಿದಳು.

"ಬಿಟ್ಟು ಬನ್ನಿ ಬಾಯ್ಕೆ. ನಾಳೆ ತೊಳೆದ್ರಾಯ್ತು."

"ಶಾಯಿ ಒಣಗುತ್ತೆ. ನೀವು ಹೊರಡಿ. ನಾನು ಸೇತುವೆ ಮೇಲಿಂದ ನಡೆದು ಬರ್ತೀನಿ, ಹದಿನೈದು ನಿಮಿಷ."

ವ್ಯಾನು ಹೋಯಿತು. ನಾನು ಒಳಗೆ ಬಂದು ಬಿಸಿ ತಟ್ಟೆ ಆರಿಸಿದೆ, ರಬ್ಬರಿನ ಒರಸನ್ನು ಒರೆಸಿದೆ, ಮುಚ್ಚಳದಲ್ಲಿ ನಾಲ್ಕು ಹನಿ ದ್ರಾವಣ ಬಿಟ್ಟು ಹೆಡ್ಡನ್ನು ಅದರ ಮೇಲೆ ಕೂರಿಸಿದೆ. ಬಕೆಟ್ಟಿಗೆ ನೀರು ತುಂಬಿದೆ. ಎರಡೂ ನಲವತ್ತಮೂರು. ಕೋಟು ತೋಳಿಗೆ ಏರಿಸುತ್ತಿದ್ದಾಗ ಬಾಗಿಲು ತೆರೆಯಿತು.

ಟೈರ್ ರಿಪೇರಿಯ ಕೆಂಜೆಬೆಕ್. ಕಳೆದ ಚಳಿಗಾಲ ನಮ್ಮ ವ್ಯಾನು ಹಿಮದಲ್ಲಿ ಹೂತಾಗ ಸರಪಳಿ ಕಟ್ಟಿ ಎಳೆದು ತೆಗೆದವನು. ನನಗಿಂತ ಹತ್ತು ವರ್ಷ ಚಿಕ್ಕವನು, ಒಳ್ಳೆಯವನು. ಕೈಯಲ್ಲಿ ಪೆನ್ ಡ್ರೈವ್ ಇತ್ತು.

"ಬಾಯ್ಕೆ, ಒಳ್ಳೇ ಹೊತ್ತಿಗೆ ಸಿಕ್ಕಿದ್ರಿ. ನಾಲ್ಕೂವರೆಗೆ ಔತಣದಲ್ಲಿ ನನ್ನ ಮರಿಗುದುರೆ ಓಡ್ತಿದೆ. ಮೊದಲ ಓಟ. ಅದರ ಹೆಸರು, ಒಂದು ಫೋಟೋ, ಅಷ್ಟೇ. ಒಂದು ಮೀಟರು."

"ಮಷೀನು ಮುಚ್ಚಿದೆ ಕೆಂಜೆಬೆಕ್."

"ಮುಚ್ಚಿದ್ದನ್ನ ತೆಗೆಯೋದು ನಿಮಗೆ ದೊಡ್ಡದಾ? ಹತ್ತು ನಿಮಿಷದ ಕೆಲಸ."

ತಟ್ಟೆ ಬಿಸಿಯಾಗಲು ಹತ್ತು ನಿಮಿಷ, ತೂತು ನೋಡಲು ಐದು, ಪ್ರಿಂಟಿಗೆ ಹತ್ತು, ಮತ್ತೆ ತೊಳೆಯಲು ಐದು.

"ಜೆಕ್ಶೆನ್ ಅತಾ ಮೂರಕ್ಕೆ ಶುರು ಮಾಡ್ತಾರೆ" ಎಂದೆ.

"ಅವರು ಶುರು ಮಾಡಿದ್ರೆ ಸಂಜೆ ತನಕ ನಿಲ್ಲಿಸಲ್ಲ. ಅರ್ಧದಿಂದ ಕೇಳಿ. ಇಲ್ಲದಿದ್ರೆ ನನ್ನ ತಮ್ಮ ಅಲ್ಲೇ ಇದ್ದಾನೆ, ಎಲ್ಲಾ ಫೋನಿನಲ್ಲಿ ಹಿಡ್ಕೊಳ್ಳೋಕೆ ಹೇಳ್ತೀನಿ. ನೀವು ಮನೇಲಿ ಮಲಗ್ಕೊಂಡು ಕೇಳಬಹುದು." ಅವನು ಪೆನ್ ಡ್ರೈವನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ. "ನಿಮ್ಮನ್ನ ಬಿಟ್ರೆ ಯಾರು ಮಾಡಿಕೊಡ್ತಾರೆ ಬಾಯ್ಕೆ? ಮಾಡಿಕೊಡಿ."

ನಾನು ಬೆರಳು ಬಿಡಿಸಿ ಪೆನ್ ಡ್ರೈವನ್ನು ಅವನ ಕೋಟಿನ ಜೇಬಿಗೆ ಹಾಕಿದೆ.

"ಇಲ್ಲ" ಎಂದೆ. "ಮಾಡಿಕೊಡಲ್ಲ."